ಮರೆ

ಮೊದಲು ಕಂಡದ್ದು ನನ್ನ ಅಡುಗೆಮನೆಯ ಚಾವಣಿಯಲ್ಲಿ
ಸಾಸರಿನಷ್ಟಗಲ ಒಂದು ಕಂದು ಕಲೆ.
ಮರುದಿನ ಅದಕ್ಕೊಂದು ಬಾಲ ಬಂದಿತ್ತು.
ಮೂರನೆಯ ದಿನ ಹನಿ, ನೇರ ಉಪ್ಪಿನ ಡಬ್ಬಿಗೆ.

ಶೌಲ್ಯೇ ಊರಿನ ಫೆಬ್ರವರಿ. ಹೊರಗೆ ಮೈನಸ್ ಹದಿನೇಳು.
ಒಳಗೆ, ನನಗೊಬ್ಬನಿಗೇ, ಮಳೆ.

ಒಂದು ಮಹಡಿ ಹತ್ತಿದೆ. ಗೆನೊವೈತೆ ಬಾಗಿಲು ತೆರೆದು
"ಬಂದ್ರಾ" ಅಂದಳು,
ಇಷ್ಟು ತಡವಾಗಿ, ಅನ್ನುವ ಹಾಗೆ.
ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತ ಹೆಂಗಸು;
ಏನನ್ನೂ ಪೂರ್ತಿ ಹೇಳುವುದಿಲ್ಲ, ಮುದ್ರೆ ಒತ್ತುತ್ತಾಳೆ, ಅಷ್ಟೆ.

ಸಿಂಕಿನ ಕೆಳಗೆ ಬೆನ್ನು ಚಾಚಿ ಮಲಗಿದೆ.
ಎದೆಯ ಮೇಲೆ ಟಾರ್ಚು, ಕಿವಿಯ ಪಕ್ಕ ಬೀಟ್‌ರೂಟಿನ ಭರಣಿ,
ಈರುಳ್ಳಿ, ಸೋಡಾಪುಡಿ, ಯಾವ ಕಾಲದ್ದೋ ಇಲಿಬೋನು.
ಬಿಳಿ ಪ್ಲಾಸ್ಟಿಕ್ಕಿನ ಬಾಗುಕೊಳವೆ. ಅದರ ಕೊರಳಿಗೆ
ಗಾಯಕ್ಕೆ ಕಟ್ಟಿದಂತೆ ಪಟ್ಟಿಯ ಮೇಲೆ ಪಟ್ಟಿ.

ಬಿಚ್ಚುತ್ತ ಹೋದೆ.
ಮೇಲೆ ಕರೆಂಟಿನವರ ನೀಲಿ ಟೇಪು,
ಅದರಡಿ ಪಾರ್ಸೆಲ್ಲಿನ ಕಂದು ಟೇಪು, ಸರ್ಕಾರಿ ಮಾಲು,
ಅದರಡಿ ಕಾಲುಚೀಲದ ರಬ್ಬರು,
ಅದರಡಿ ಜೇನುಮೇಣ, ಹೆಬ್ಬೆಟ್ಟಿನ ಗುರುತು ಸಮೇತ.
ಒಂದೊಂದು ಚಳಿಗಾಲಕ್ಕೆ ಒಂದೊಂದು ಮರೆ.
"ಇಷ್ಟೆಲ್ಲ ಮಾಡುವ ಬದಲು ಯಾರನ್ನಾದರೂ ಕರೆಯಬಾರದಿತ್ತೆ?"
ಉತ್ತರವಿಲ್ಲ. ಅವಳ ಮನೆಚಪ್ಪಲಿ ಒಮ್ಮೆ ಜಾಗ ಬದಲಿಸಿದವು.

ಕೊನೆಗೆ ನಟ್ಟು ಸಿಕ್ಕಿತು,
ಬೀಗಿ ಕೂತಿತ್ತು ಬೀಗರ ಹಾಗೆ.
ಅಲುಗಿಸಿದರೆ ಸಂದಿಯಿಂದ ಇಣುಕಿತು
ಒಂದೆಳೆ ನಾರು. ಅಗಸೆ ನಾರು.

ಕೈ ನಿಂತಿತು.

ಕಬ್ಬಿಣದ ಪೈಪಿಗಾದರೆ ಅಗಸೆ ಸರಿ:
ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ.
ಪ್ಲಾಸ್ಟಿಕ್ಕಿಗೆ ಸುತ್ತಿದರೆ ಅದೇ ಉಬ್ಬು
ಒಳಗಿಂದ ಒದ್ದು ಒದ್ದು ನಟ್ಟಿನ ತುಟಿ ಸೀಳುತ್ತದೆ.
ಸೀಳಿತ್ತು.
ನಾರು ಎಡಸುತ್ತು ಸುತ್ತಿತ್ತು.
ಈ ಕಟ್ಟಡದಲ್ಲಿ ಎಡಚ ನಾನೊಬ್ಬನೇ.

ಒಂಬತ್ತು ವರ್ಷದ ಹಿಂದೆ, ಸೈಕಲ್ ಕಾರ್ಖಾನೆ
ನನಗೆ ಕೈಕುಲುಕಿ ಕಳಿಸಿದ ವಾರ. ಅರ್ಧ ಬಾಟಲಿ ಇಳಿದಿತ್ತು.
"ಮರೆಯ ವಿಷಯ ನನಗೆ ಹೇಳಬೇಡಿ,
ಇಪ್ಪತ್ತಾರು ವರ್ಷ ಪೆಡಲ್ಲಿಗೆ ಮರೆ ಕೊರೆದವನು ನಾನು,"
ಅಂದಿದ್ದೆ, ಇದೇ ನೆಲದ ಮೇಲೆ ಮಲಗಿ.
ನಮ್ಮ ಲಿಥುವೇನಿಯಾದ ಅಗಸೆ, ಅಂತ ಜಂಭ ಬೇರೆ.
ವಾಷರನ್ನೂ ತಿರುಗುಮುರುಗಾಗಿ ಹಾಕಿದ್ದೆ,
ಚೂಪು ಬದಿ ಆಚೆಗೆ, ದಪ್ಪ ಬದಿ ಒಳಕ್ಕೆ.
ಸ್ಪ್ಯಾನರ್ ಕಚ್ಚಿದ ಹಲ್ಲಿನ ಗುರುತು ನಟ್ಟಿನ ಮೇಲೆ ಇನ್ನೂ ಇತ್ತು.

"ಇದು ನಾನು ಹಾಕಿದ್ದು," ಅಂದೆ ಕೊಳವೆಗೆ.
"ಗೊತ್ತು," ಅಂದವು ಚಪ್ಪಲಿಗಳು.
ಸ್ವಲ್ಪ ಹೊತ್ತಿನ ಮೇಲೆ:
"ಆಗ ನೀವಿದ್ದ ಸ್ಥಿತಿಯಲ್ಲಿ
ಇದೂ ಕೆಟ್ಟಿತು ಅಂತ ಯಾರು ಹೇಳೋದು?"

ಆಮೇಲೆ ಬಕೆಟ್ಟು ತೆಗೆದುಕೊಂಡು ಹೋಗಿ ಸುರಿದು ಬಂದಳು,
ಒಂದು ಹನಿಯೂ ತುಳುಕಿಸದೆ.
ಒಂಬತ್ತು ವರ್ಷದ ಕೈಪಳಗು.

ಹೊಸ ನಟ್ಟು ತಂದೆ, ಎಂಬತ್ತು ಸೆಂಟು. ವಾಷರು
ಅಂಗಡಿ ಹುಡುಗ ಪುಕ್ಕಟೆ ಕೊಟ್ಟ.
ಸ್ಪ್ಯಾನರನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.
ನಟ್ಟನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು, ನಿಧಾನ,
ಬೆರಳ ತುದಿಯಲ್ಲಿ, ಟಕ್ ಅಂತ
ಒಂದು ಮೆಟ್ಟಿಲು ಇಳಿಯುವ ತನಕ.
ಅಲ್ಲಿ ಮರೆಗೆ ಮರೆ ಸಿಗುತ್ತದೆ. ಆಮೇಲೆ ಮುಂದಕ್ಕೆ.
ಕೈ ಸಾಕು ಅಂದಲ್ಲಿಗೆ ಸಾಕು.
ಇದು ನನಗೆ ಕಾರ್ಖಾನೆಯ ಮೊದಲ ದಿನವೇ ಗೊತ್ತಿತ್ತು.

ಕೊಳವೆಯ ಕೆಳಗೆ ಹಳೆಯ ಪತ್ರಿಕೆ ಹಾಸಿದೆವು,
ಮರಣವಾರ್ತೆಯ ಪುಟ ಬೇಡವೆಂದು ಆಟೋಟದ ಪುಟ.
"ಬೆಳಿಗ್ಗೆ ನೋಡಿ. ಹೀಟರಿನ ಪೈಪಿಗೆ ಚಮಚದಿಂದ ಬಡಿಯಿರಿ.
ಒಣಗಿದ್ದರೆ ಒಂದು. ಒದ್ದೆಯಾಗಿದ್ದರೆ ಎರಡು."
"ನನಗೆ ಫೋನ್ ಇದೆ," ಅಂದಳು.
"ಇರಲಿ," ಅಂದೆ.

ಆರು ಗಂಟೆ. ಇನ್ನೂ ಕತ್ತಲು. ಚಹಾಕ್ಕೆ ನೀರಿಟ್ಟಿದ್ದೆ.
ಪೈಪಿನಲ್ಲಿ ಒಂದು ಬಡಿತ.

ಕುದಿಯುವ ಸದ್ದು ಅಡ್ಡ ಬಂದೀತೆಂದು
ಒಲೆ ಆರಿಸಿದೆ. ಕಲೆಯ ಕೆಳಗೆ ನಿಂತೆ,
ಕೈಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ,
ಎರಡನೆಯದಕ್ಕೆ ಕಿವಿಗೊಟ್ಟು.